ಗಾದಿಲಿಂಗ ಕದ್ದ ಹ್ಞೂಂ

ನನ್ನ ತಮ್ಮ ಗಾದಿಲಿಂಗಪ್ಪನಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿದೆ. ಕೇಳಿದರೆ ಹೇಳುತ್ತಾನೆ, ಕೇಳದಿದ್ದರೆ ಖಂಡಿತ ಹೇಳುತ್ತಾನೆ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿಯೊಂದರ ಮೇಲಿನ ಕೋಣೆ ಅವನ ಆಫೀಸು. ಕೆಳಗೆ ಬೆಲ್ಲದ ವಾಸನೆ, ಹಮಾಲರ ಕೂಗಾಟ; ಮೇಲೆ ಕಂಪ್ಯೂಟರು, ಒಂದು ಚಾಪೆ, ಇವನು. ಅಂಗಡಿಯವರಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಡುವುದು ಹೊಟ್ಟೆಪಾಡು, ಮನುಷ್ಯರ ಮನಸ್ಸಿನ ಬಗ್ಗೆ ಭಾಷಣ ಬಿಗಿಯುವುದು ಚಟ. ನಾನು ಅವನ ಅಕ್ಕ ಗಂಗೋತ್ರಿ. ಕುರುಗೋಡಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ನನಗೆ ತಾಳ್ಮೆ ಕಡಿಮೆ, ದೆವ್ವ ಭೂತಗಳ ಮೇಲೆ ನಂಬಿಕೆ ಅದಕ್ಕಿಂತ ಕಡಿಮೆ. ಆದರೂ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಯಾರಿಗಾದರೂ ಬೇರೆ ಅರ್ಥ ಹೊಳೆದರೆ ದೊಡ್ಡ ನಮಸ್ಕಾರ, ಬಂದು ತಿಳಿಸಲಿ.

ಅವನ ಅಭಿಪ್ರಾಯಗಳೆಲ್ಲ ಹುಚ್ಚುತನವಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಅವನ ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ಗುಂಡಿ ಒತ್ತಿದ ಮೇಲೆ ಒಂದು ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ, ಆಮೇಲೆ ಮೊತ್ತ ಬರುತ್ತದೆ. ಆ ಚಕ್ರಕ್ಕೆ ಮಾಡುವ ಕೆಲಸ ಏನೂ ಇಲ್ಲವಂತೆ. ಬೇಕೆಂದೇ ಇಟ್ಟದ್ದು.

"ಲೆಕ್ಕ ತಟ್ಟನ ಬಂದ್ರ ನಮ್ಮ ಸಾವುಕಾರ್ರು ನಂಬಂಗಿಲ್ಲಕ್ಕಾ, ಬಾಯಾಗ ಮತ್ತೊಮ್ಮೆ ಕೂಡಸ್ತಾರ. ಜರಾ ಉಸುರು ತಗೊಂಡು ಬಂದ್ರ, ಪಾಪ, ಭಾಳ ವಿಚಾರ ಮಾಡಿ ಹೇಳೈತಿ ಅಂತ ನಂಬತಾರ. ಮಿಶನ್ ಕಷ್ಟಪಟ್ಟಂಗ ಕಾಣಬೇಕು, ಅಷ್ಟ" ಎಂದು ನಗುತ್ತಾನೆ. ಫೋನಿನ ಮೂಲೆಯ ಕೆಂಪು ಚುಕ್ಕೆಯ ಬಗ್ಗೆ, ಓದಿಯಾಯಿತೆಂಬ ನೀಲಿ ಗೆರೆ ಬಿದ್ದರೂ ಉತ್ತರ ಬಾರದಾಗ ಮುರಿದುಬಿದ್ದ ಸಂಬಂಧಗಳ ಬಗ್ಗೆ, ದೇವರ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡು ಮೋಸ ಹೋಗುವವರ ಬಗ್ಗೆ, ಹೀಗೆ ಬಿಟ್ಟರೆ ಅನ್ನ ಆರುವ ತನಕ ಹೇಳುತ್ತಾನೆ. ಹೆಣ್ಣು ಕೊಡಲು ಬಂದವರಿಗೂ ಹೇಳಿದ್ದಾನೆ. ಅದಕ್ಕೇ ಇನ್ನೂ ಮದುವೆಯಿಲ್ಲ.

ಅವನ ಎಲ್ಲ ಸಿದ್ಧಾಂತಗಳಿಗೂ ದೊಡ್ಡದು ಇದು: "ಮನುಷ್ಯಾಗ ಉತ್ತರ ಬೇಕಾಗಿಲ್ಲಕ್ಕಾ. ತಾ ಹೇಳೋದಕ್ಕ ಎದುರಿಗೊಂದು ಹ್ಞೂಂ ಬೇಕು. ಮಿಶನ್ನಿಗೆ ಬುದ್ಧಿ ತುಂಬಾಕ ದುನಿಯಾ ಬಡಿದಾಡಾಕತ್ತೈತಿ. ಬುದ್ಧಿ ಯಾಕ? ಬರೋಬ್ಬರಿ ಹೊತ್ತಿಗೆ ಹ್ಞೂಂ ಅನ್ನಾಕ ಬಂದ್ರ ಸಾಕು, ಅದಕ್ಕ ಜೀವ ಮನುಷ್ಯಾನ ತುಂಬ್ತಾನ."

ಈ ಮಾತು ಅವನಿಗೆ ಎಲ್ಲಿಂದ ಸಿಕ್ಕಿತು ಎಂದು ನನಗೆ ಗೊತ್ತು. ನಮ್ಮ ಅವ್ವನಿಂದ ಸಿಕ್ಕಿತು.

ಅವ್ವನ ಹೆಸರು ಕೊಟ್ರಬಸಮ್ಮ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು, ಅವ್ವ ನನ್ನ ಜೊತೆ ಕುರುಗೋಡಿನಲ್ಲೇ ಇದ್ದಾಳೆ. ನಮ್ಮ ಕಡೆ ಯಾರಾದರೂ ಮಾತು ಹೇಳುತ್ತಿದ್ದರೆ ಎದುರಿಗೆ ಕೂತವರು ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಹೇಳುವವರ ಮಾತು ಅಲ್ಲೇ ನಿಂತುಹೋಗುತ್ತದೆ, "ಕೇಳಾಕತ್ತೀ ಇಲ್ಲೋ?" ಎಂದು ಜಗಳವೂ ಆಗುತ್ತದೆ. ಈ ವಿದ್ಯೆಯಲ್ಲಿ ಅವ್ವನಂಥವರು ಸುತ್ತ ಹತ್ತೂರಿನಲ್ಲಿ ಇರಲಿಲ್ಲ. ಸಾವಾದ ಮನೆಯಲ್ಲಿ ಹೊಸದಾಗಿ ಬಂದವರಿಗೆಲ್ಲ ಮನೆಯ ಹೆಂಗಸು ಜೀವ ಹೋದ ಬಗೆಯನ್ನು ಮತ್ತೆ ಮತ್ತೆ ಹೇಳಬೇಕಲ್ಲ, ಆಗ ಪಕ್ಕದಲ್ಲಿ ಕೂತು ಹೂಂಗುಟ್ಟಲು ಅವ್ವನನ್ನೇ ಕರೆಯುತ್ತಿದ್ದರು. ಅವಳು ಎಲ್ಲ ಜಾತಿಯವರ ಮನೆಗೂ ಹೋಗುತ್ತಿದ್ದಳು, ಎಲ್ಲಿಯೂ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಅವಳ ಹ್ಞೂಂನಲ್ಲೇ ಎಷ್ಟೋ ಬಗೆ: ಕೆಳಗಿಳಿಯುವುದು ಒಂದು, ಮೇಲಕ್ಕೇರಿ "ಆಮ್ಯಾಲೆ?" ಎನ್ನುವಂಥದು ಒಂದು, ಅಳುವವರ ಬೆನ್ನು ಸವರಿದಂಥದು ಇನ್ನೊಂದು. "ಹೂಂಗುಟ್ಟೋರಿಲ್ಲದ ಮನ್ಯಾಗ ಗ್ವಾಡಿ ಹೂಂಗುಟ್ಟತೈತಿ. ಅದು ಚಲೋದಲ್ಲ" ಎನ್ನುತ್ತಿದ್ದಳು. ಸಣ್ಣವರಿದ್ದಾಗ ಈ ಮಾತು ಕೇಳಿ ನಾನೂ ಗಾದಿಯೂ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವ್ವನ ಹ್ಞೂಂ ನಿಂತುಹೋಯಿತು.

ಮೊದಲು ಗಮನಿಸಿದವಳು ಪಕ್ಕದ ಮನೆಯ ಪಂಪಾವತಿ. ಸೊಸೆಯ ಮೇಲಿನ ದೂರನ್ನು ಹೊತ್ತು ತಂದವಳು ಅರ್ಧಕ್ಕೇ ಎದ್ದು ಅಡುಗೆಮನೆಗೆ ಬಂದಳು. "ನಿಮ್ಮವ್ವಗ ನನ್ ಮ್ಯಾಲೆ ಏನು ಸಿಟ್ಟು? ಹ್ಞೂಂ ಅನ್ನವಲ್ಲಳಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಹೋಗಿ ನೋಡಿದೆ. ಅವ್ವ ಕಣ್ಣು ಬಿಟ್ಟುಕೊಂಡು ಕೂತಿದ್ದಳು, ಊಟ ಮಾಡಿಯೇನು ಎಂದರೆ ಮಾಡಿದೆ ಎಂದಳು. ಮಾತು ಸರಿಯಾಗಿತ್ತು. ಹ್ಞೂಂ ಒಂದೇ ಇರಲಿಲ್ಲ. ಯಾರು ಏನು ಹೇಳಿದರೂ ಬಾಯಿ ತುಸು ತೆರೆದು, ಅದು ಬಾರದೆ, ಮುಚ್ಚಿಕೊಳ್ಳುತ್ತಿತ್ತು.

"ದಣಿವಾಗೈತಿ. ದಿನಾ ಪೂರ್ತಿ ಯಾರಿಗೋ ಹೂಂಗುಟ್ಟಿದಂಗ ಆಗತೈತಿ. ಗಂಟಲು ಒಣಗೈತಿ ನೋಡು" ಎಂದಳು.

"ಬೆಳಗ್ಗಿಂದ ಯಾರೂ ಬಂದೇ ಇಲ್ಲಲ್ಲವ್ವ" ಎಂದೆ.

"ಅದನ್ನ ನಾನೂ ವಿಚಾರ ಮಾಡಾಕತ್ತೀನಿ" ಎಂದಳು ಅವ್ವ.

ಕೆಲವು ದಿನ ಕಳೆದ ಮೇಲೆ ಇನ್ನೊಂದು ಶುರುವಾಯಿತು. ಬೆಳಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಸಿ, ಒಗೆದ ಸೀರೆಯುಟ್ಟು, ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಲ್ಲುವುದು. ಮುಖ ಯಾವಾಗಲೂ ಸಿರುಗುಪ್ಪದ ದಾರಿಯ ಕಡೆಗೆ. ನಾನು ಸ್ಕೂಲಿಗೆ ಹೊರಟಾಗ ನಿಂತಿರುತ್ತಿದ್ದಳು, ಬಂದಾಗಲೂ ಒಮ್ಮೊಮ್ಮೆ ನಿಂತೇ ಇರುತ್ತಿದ್ದಳು. ನೆರಳು ಮಾತ್ರ ಆ ಬದಿಯಿಂದ ಈ ಬದಿಗೆ ಬಂದಿರುತ್ತಿತ್ತು.

"ಎಲ್ಲಿಗವ್ವ?"

"ಯಾರಿಗೋ ಬರ್ತೀನಿ ಅಂತ ಅಂದೀನಿ. ಎಲ್ಲಿಗಂತ ನೆನಪಾಗವಲ್ದು. ಕಾಯಾಕತ್ತಿರ್ತಾರ, ಪಾಪ."

 "ಸುಮ್ನ ಒಳಗ ನಡಿ, ಬಿಸಿಲು" ಎಂದು ಗದರಿದೆ. ಗಾದಿಗೆ ಫೋನು ಮಾಡಿದರೆ ಅವನ ಬಳಿ ಅಭಿಪ್ರಾಯ ಸಿದ್ಧವಾಗಿತ್ತು: ವಯಸ್ಸು, ಮರೆವು, ಮೆದುಳು. ಬಳ್ಳಾರಿಯ ಡಾಕ್ಟರ ಹತ್ತಿರ ಅವನೇ ಕರೆದೊಯ್ದ. ಅವ್ವ ಆ ಡಾಕ್ಟರಿಗೆ ನಮ್ಮ ಬಂಧುಬಳಗದ ಮೂರು ತಲೆಮಾರಿನ ಹೆಸರನ್ನು ಒಂದೂ ತಪ್ಪದೆ ಒಪ್ಪಿಸಿ ಬಂದಳು. ಮರೆವು ಇಲ್ಲ, ಗಂಟಲಲ್ಲಿಯೂ ಏನೂ ಇಲ್ಲ ಎಂದರು. ಇದ್ದಿದ್ದರೆ ಅದಕ್ಕೊಂದು ಔಷಧವಾದರೂ ಇರುತ್ತಿತ್ತು. ನಾನು ಒಳಗೊಳಗೇ ಹೆದರಿದ್ದೆ. ಅವ್ವ ಕಣ್ಣೆದುರಿಗೇ ದಿನದಿನಕ್ಕೂ ಸವೆಯುತ್ತಿದ್ದಳು, ಏನು ಸವೆಸುತ್ತಿದೆ ಎಂದು ತಿಳಿಯುತ್ತಿರಲಿಲ್ಲ.

ತಿಳಿದದ್ದು ಒಂದು ಶನಿವಾರ ಮಧ್ಯಾಹ್ನ.

ನನ್ನ ಗಂಡ ದೊಡ್ಡಬಸವರಾಜರದು ಬಾದನಹಟ್ಟಿಯಲ್ಲಿ ಭತ್ತದ ಗದ್ದೆ. ಪೈರಿನ ತುದಿ ಕೆಂಪಗಾಗುತ್ತಿದೆ ಎಂದು ಅವರಿಗೆ ಚಿಂತೆ. ಸಿರುಗುಪ್ಪದ ಚನ್ನಬಸವರಾಜ ಎಂಬ ಬೀಜ, ಔಷಧಿ ವ್ಯಾಪಾರಿ ಹೊಸದಾಗಿ ಒಂದು ನಂಬರು ಕೊಟ್ಟಿದ್ದರಂತೆ. ರೈತರು ಫೋನು ಮಾಡಿ ಬೆಳೆಯ ಕಷ್ಟ ಹೇಳಿದರೆ ಮರುದಿನ ಅಂಗಡಿಯವರು ಔಷಧಿ ಹೇಳುತ್ತಾರೆ. ನಮ್ಮವರು ಊಟಕ್ಕೆ ಕೂತು, ಫೋನನ್ನು ಸ್ಪೀಕರಿಗೆ ಹಾಕಿ ತಟ್ಟೆಯ ಪಕ್ಕ ಇಟ್ಟರು. ಅವ್ವ ಎದುರಿಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೆಸರು, ಊರು ಹೇಳಿ ಎಂದಿತು ಫೋನು. ಇವರು ಹೇಳಿ, "ಮೊನ್ನೆ ನೀರು ಬಿಟ್ವಿರೀ, ಆವಾಗಿಂದ ತುದಿ ಸುಟ್ಟಂಗ ಆಗೈತಿ" ಎಂದು ಒಂದು ಕ್ಷಣ ನಿಲ್ಲಿಸಿದರು.

"ಹ್ಞೂಂ" ಎಂದಿತು ಫೋನು.

ಅದು ನನ್ನ ಅವ್ವನ ಹ್ಞೂಂ ಆಗಿತ್ತು. ಹುಟ್ಟಿದಾಗಿನಿಂದ ಕೇಳಿದ್ದು, ನನಗೆ ತಪ್ಪುವುದುಂಟೆ! ನಮ್ಮವರ ತುತ್ತು ಕೈಯಲ್ಲೇ ಉಳಿಯಿತು. ಆದರೂ ರೈತನ ಬಾಯಿ, ಹ್ಞೂಂ ಸಿಕ್ಕ ಮೇಲೆ ನಿಲ್ಲುವುದಿಲ್ಲ. ಮುಂದಿನ ಮಾತು ತಾನಾಗಿ ಹೊರಟಿತು. ಮತ್ತೆ ಹ್ಞೂಂ ಬಂತು. ನಾನು ಅವ್ವನ ಕಡೆ ನೋಡಿದೆ. ಮೊರ ನಿಂತಿತ್ತು. ಫೋನು ಹ್ಞೂಂ ಎಂದಾಗಲೆಲ್ಲ ಅವ್ವನ ತುಟಿ ಅಲುಗುತ್ತಿತ್ತು. ತುಟಿ ಅವಳದು ಅಲುಗುತ್ತಿತ್ತು, ದನಿ ತಟ್ಟೆಯ ಪಕ್ಕದಿಂದ ಬರುತ್ತಿತ್ತು.  ಕೈಚಾಚಿ ಫೋನು ಆರಿಸಿಬಿಟ್ಟೆ. ಅವ್ವ ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

ಮರುದಿನ ಭಾನುವಾರ ಮೊದಲ ಬಸ್ಸಿಗೇ ಬಳ್ಳಾರಿಗೆ ಹೋದೆ. ಬ್ರೂಸ್‌ಪೇಟೆಯಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದ್ದವು, ಬೆಲ್ಲದ ಅಂಗಡಿಯ ಮುಂದೆ ಇರುವೆಗಳದ್ದೇ ವ್ಯಾಪಾರ. ಗಾದಿ ಚಹಾ ಕುಡಿಯುತ್ತಾ ಕೂತಿದ್ದ.

"ಲೇ, ಅವ್ವನ ದನಿ ಮಾರಿಕೊಂಡೀಯಲ್ಲೋ! ನಾಚಿಕಿ ಆಗಂಗಿಲ್ಲ ನಿನಗ?"

ಅವನು ತಡವರಿಸಲಿಲ್ಲ. ಯಾವಾಗ ಕೇಳುತ್ತಾರೋ ಎಂದು ಕಾಯುತ್ತಿದ್ದವನ ಹಾಗೆ ಚಹಾ ಕೆಳಗಿಟ್ಟು ಶುರುಮಾಡಿದ. ಚನ್ನಬಸವರಾಜರಿಗೆ ಆ ಲೈನು ಮಾಡಿಕೊಟ್ಟವನು ಇವನೇ. ಮೊದಲು ಮಾಡಿದ್ದು ನೆಲಕಚ್ಚಿತಂತೆ. ಯಂತ್ರ ಸುಮ್ಮನೆ ಕೇಳುತ್ತಿತ್ತು, ಎದುರಿಗೆ ಸದ್ದಿಲ್ಲ ಅಂದ ಕೂಡಲೇ ನಮ್ಮ ಜನ "ಹಲೋ? ಹಲೋ? ಅದೀಯಾ?" ಎಂದು ಕೂಗಿ ಫೋನು ಇಟ್ಟುಬಿಡುತ್ತಿದ್ದರು. ಬೇರೆ ಎಲ್ಲಿಯಾದರೂ ನಡೆದೀತು, ನಮ್ಮಲ್ಲಿ ನಡೆಯದು. ಹೂಂಗುಟ್ಟುವವರಿಲ್ಲದೆ ಬೆಳೆಯ ರೋಗವಿರಲಿ, ಮೈಯ ರೋಗವನ್ನೂ ನಾವು ಹೇಳೆವು. ತನ್ನ ಹ್ಞೂಂ ಹಾಕಿ ನೋಡಿದ, ಜನ ನಂಬಲಿಲ್ಲ. ರೇಡಿಯೋದವರ ಹಾಗೆ ಮಾತಾಡುವ ಒಬ್ಬಾಕೆಯದು ಹಾಕಿದ, ನಕ್ಕರು. ಆಮೇಲೆ ದೀಪಾವಳಿಗೆ ಮನೆಗೆ ಬಂದಾಗ, ಪಂಪಾವತಿ ಬಂದು ಅವ್ವನ ಮುಂದೆ ಕೂತ ಹೊತ್ತಿನಲ್ಲಿ, ದಿಂಬಿನ ಕೆಳಗೆ ಫೋನು ಇಟ್ಟ.

"ಕೇಳಿದ್ರ ಬ್ಯಾಡ ಅಂತಿದ್ಲು ಅಂತ ಕೇಳಲಿಲ್ಲ. ಆದ್ರ ಏನು ಹಾಳಾತು ಹೇಳು? ಅವ್ವ ಒಂದು ಓಣಿಗೆ ಹೂಂಗುಟ್ತಿದ್ಲು, ಈಗ ಒಂದು ತಾಲೂಕಿಗೆ ಹೂಂಗುಟ್ತಾಳ."

"ಅಕೀ ಬಾಯಾಗ ಹ್ಞೂಂ ಉಳಿದಿಲ್ಲಲ್ಲೋ!"

"ಅದಕ್ಕ ಇದಕ್ಕ ಸಂಬಂಧ ಇಲ್ಲಕ್ಕಾ. ಗಣಿತದ ಟೀಚರ್ ನೀನು, ನೀನ ಹಿಂಗಂದ್ರ ಹೆಂಗ? ಎರಡು ಸುದ್ದಿ ಒಂದ ಕಾಲಕ್ಕ ಆದ್ರ ಒಂದು ಇನ್ನೊಂದನ್ನ ಮಾಡೇತಿ ಅನ್ನೋದು ಮನಸಿನ ಚಾಳಿ."

ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. ಆದರೆ ನಾನು ಮಕ್ಕಳಿಗೆ ಹೇಳುವುದೂ ಅದನ್ನೇ. ಅದು ಅವನಿಗೂ ಗೊತ್ತು, ಹುರುಪು ಬಂತು. ಜನ ಈಗ ಬೆಳೆಯಷ್ಟೇ ಅಲ್ಲ, ಹೊಟ್ಟೆಯೊಳಗಿನದನ್ನೆಲ್ಲ ಹೇಳಿಕೊಳ್ಳುತ್ತಾರೆ ಎಂದ. ಸಿರಿಗೇರಿಯ ಒಬ್ಬ ಹೆಂಗಸು ದಿನವೂ ಫೋನು ಮಾಡುತ್ತಾಳೆ, ಕೂಲಿ ಮಾಡುವವಳು, ಹೆಸರು ಊರಮ್ಮ. ಮೊದಲ ಸಲ ಮೆಣಸಿನಗಿಡದ ಮುದುರು ರೋಗ ಹೇಳಲು ಮಾಡಿದ್ದಳು. ಹ್ಞೂಂ ಸಿಕ್ಕಿತಲ್ಲ, ಜ್ವರದಲ್ಲಿ ಹೋದ ಮಗಳು ಭಾಗ್ಯಳ ಸುದ್ದಿ ತೆಗೆದಳು. ಗಾದಿ ಆ ಮೊದಲ ದಿನದ ರೆಕಾರ್ಡಿಂಗ್ ಹಚ್ಚಿದ. ಹೆಂಗಸಿನ ದನಿ ಬಿಕ್ಕುತ್ತಿತ್ತು, ಅವ್ವನ ದನಿ ನಡುನಡುವೆ ಬೆನ್ನು ಸವರುತ್ತಿತ್ತು. ನಾನು ಅಲ್ಲೇ ಚಾಪೆಯ ಮೇಲೆ ಕೂತೆ.

"ನೋಡಿದ್ಯಾ? ಅಕಿಗೆ ಈ ದುನಿಯಾದಾಗ ಯಾರೂ ಇಲ್ಲ. ನಂದು ಬರೇ ಒಂದು ಹ್ಞೂಂ, ಅಷ್ಟರಾಗ ಅಕಿ ಹಗುರಾಗ್ಯಾಳ."

"ಕಡೀಗೆ ಯಾವಾಗ ಮಾಡಿದ್ಲು?"

"ನಿನ್ನೆ."

"ಅದನ್ನ ಹಚ್ಚು."

"ಎಲ್ಲಾನೂ ಕೇಳಾಕ ಪುರಸೊತ್ತು ಎಲ್ಲೈತಕ್ಕಾ? ಕೇಳಾಕಂತನ ಮಿಶನ್ ಇಟ್ಟೀನಿ."

"ಹಚ್ಚಲೇ!" ಎಂದು ಕೂಗಿದೆ.

ಹಚ್ಚಿದ. ಈ ಸಲ ಹೆಂಗಸಿನ ದನಿಯಲ್ಲಿ ಅಳು ಇರಲಿಲ್ಲ.

"ಮೊನ್ನೆನೂ ಬರ್ತಿಯೇನು ಅಂದ್ರ ಹ್ಞೂಂ ಅಂದಿ. ಬಸ್ಸಿನ ಹತ್ರ ಕುಂತೆ, ನೀ ಬರಲಿಲ್ಲ."

"ಹ್ಞೂಂ."

"ರೊಟ್ಟಿ ಮಾಡಿದ್ದೆ. ಚಾಪಿ ಹಾಸಿದ್ದೆ. ದಿನಾ ಹಾಸ್ತೀನಿ."

"ಹ್ಞೂಂ."

"ನಿನ್ನ ಮಾರಿ ನೋಡಿಲ್ಲ, ಹೆಸರೂ ಕೇಳಿಲ್ಲ. ನೀನು ನನ್ನ ಭಾಗ್ಯನ ಹತ್ರ ಅದೀಯೇನು?"

"ಹ್ಞೂಂ."

"ಅದಕ್ಕ ಬರಾಕ ಆಗವಲ್ದೇನು?"

"ಹ್ಞೂಂ."

"ಹಂಗಾರ ನಾನ ಬರ್ಲೇನು?"

ಯಂತ್ರ ಸ್ವಲ್ಪ ಹೊತ್ತು ತಡೆಯಿತು. ಬಿಲ್ಲಿಂಗಿನ ಚಕ್ರ ತಿರುಗಿದಂತೆ, ವಿಚಾರ ಮಾಡಿ ಹೇಳುತ್ತಿದೆ ಎಂದು ಜನ ನಂಬಲೆಂದು, ಇಲ್ಲಿಯೂ ಅವನೇ ಇಟ್ಟಿದ್ದ ತಡೆ ಅದು. ಆಮೇಲೆ ನನ್ನ ಅವ್ವನ ಅತಿ ಮೆತ್ತನೆಯ, ಅತಿ ಪ್ರೀತಿಯ ದನಿಯಲ್ಲಿ "ಹ್ಞೂಂ" ಎಂದಿತು.

"ಆತು ನಮ್ಮವ್ವ. ನಾಳಿ ಐತಾರ. ತಲಿ ಎರಕೊಂಡು ಬರ್ತೀನಿ."

 ಗಾದಿಯ ಮುಖ ಬಿಳಿಚಿಕೊಂಡಿತ್ತು. "ನಾ ಕೇಳಿದ್ದಿಲ್ಲಕ್ಕಾ. ಇದನ್ನ ನಾ ಕೇಳೇ ಇದ್ದಿಲ್ಲ" ಎಂದ. ಅಂಗಡಿಯವರು ಬೆಳೆಯ ಮಾತು ಬಿಟ್ಟರೆ ಉಳಿದದ್ದನ್ನು ಹಚ್ಚುತ್ತಲೇ ಇರಲಿಲ್ಲವಂತೆ; ಅವನಷ್ಟೇ ಅಲ್ಲ, ಯಾರೂ ಕೇಳಿರಲಿಲ್ಲ. ಅದೇ ನನಗೆ ತಡೆಯಲಾಗದಷ್ಟು ಭಯಂಕರವಾಗಿ ಕಂಡಿತು. ಅಷ್ಟು ದಿನ ಆ ಹೆಂಗಸು ಒಬ್ಬಳೇ ಮಾತಾಡಿದ್ದಳು, ಗೋಡೆ ಹೂಂಗುಟ್ಟಿತ್ತು.

ಅವಳ ನಂಬರಿಗೆ ಫೋನು ಮಾಡಿದೆವು. ಸ್ವಿಚ್ ಆಫ್. ಚನ್ನಬಸವರಾಜರಿಗೆ ಮಾಡಿದರೆ ಅವರು ಗಾಬರಿಯಾಗಿ, "ಸಿರಿಗೇರಿ ಸಣ್ಣೂರೇನ್ರೀ? ಊರಮ್ಮ ಅಂದ್ರ ಓಣಿಗೆ ನಾಕು ಮಂದಿ ಅದಾರ. ಯಾರಂತ ಹುಡುಕ್ಲಿ? ಆತು, ನಾನೂ ಹೊರಡ್ತೀನಿ, ಅಲ್ಲಿ ಪೊಲೀಸ್ರಿಗೂ ಹೇಳ್ತೀನಿ" ಎಂದರು. ಗಾದಿ ಹೊರಡುವ ಮೊದಲು ಲೈನನ್ನು ಆರಿಸಿದ. ನಾನು ಹೇಳಲಿಲ್ಲ, ಅವನಾಗಿಯೇ ಆರಿಸಿದ.

ಅವನ ಹಳೇ ಕಾರಿನಲ್ಲಿ ಹೊರಟೆವು. ಸಿರಿಗೇರಿಗೆ ಕುರುಗೋಡಿನ ಮೇಲೇ ದಾರಿ. ನಮ್ಮ ಮನೆಯ ಮುಂದೆ ಹಾಯುವಾಗ ಅವ್ವ ಗೇಟಿನಲ್ಲಿ ಇರಲಿಲ್ಲ, ರಸ್ತೆಯ ನಡುವೆ ನಿಂತಿದ್ದಳು. ಪಕ್ಕದಲ್ಲಿ ನಮ್ಮವರು ಕೈಹಿಡಿದು ಎಳೆಯುತ್ತಿದ್ದರು. "ಒಂದು ತಾಸಿನಿಂದ ತಡ ಆತು, ತಡ ಆತು ಅಂತ ಒಂದ ಸವನ ಒದರಾಕತ್ತಾಳ. ಏನು ಮಾಡ್ಬೇಕು ತಿಳೀವಲ್ದು" ಎಂದರು. ಗಾದಿ ಬ್ರೇಕು ಹಾಕಿದ. ಅವ್ವ ತಾನೇ ಬಾಗಿಲು ತೆಗೆದು ಹಿಂದೆ ಹತ್ತಿ ಕೂತಳು.

"ನಡೀರಿ" ಎಂದಳು. ಎಲ್ಲಿಗೆ ಎಂದು ಕೇಳಲಿಲ್ಲ.

ಕುರುಗೋಡಿನ ಬೆಟ್ಟ ಹಿಂದಾಯಿತು, ಕಾಲುವೆ ಸಿಕ್ಕಿತು. ಎರಡೂ ಕಡೆ ಕಣಗಳಲ್ಲಿ ಮೆಣಸಿನಕಾಯಿ ಒಣಹಾಕಿದ್ದರು; ನೆಲವೇ ಕೆಂಪು, ಗಾಳಿಯೂ ಘಾಟು. ಗಾದಿ ಕನ್ನಡಿಯಲ್ಲಿ ಅವ್ವನನ್ನು ನೋಡುತ್ತಾ ಎಲ್ಲವನ್ನೂ ಹೇಳಿದ. ದಿಂಬಿನ ಕೆಳಗಿನ ಫೋನಿನಿಂದ ಹಿಡಿದು ಊರಮ್ಮನ ನಿನ್ನೆಯ ಮಾತಿನ ತನಕ. ತನ್ನ ಪರವಾಗಿ ಒಂದೂ ಅಭಿಪ್ರಾಯ ಹೇಳಲಿಲ್ಲ. ಅವನು ಹಾಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

 ಅವನು ಮುಗಿಸಿದ ಮೇಲೆ ಅವ್ವ ಹೇಳತೊಡಗಿದಳು.

"ನಿಮ್ಮಪ್ಪ ಹೋದ ದಿನ ನಿಮಗ ಗೊತ್ತಿಲ್ಲ. ಸಾಲಿಗೆ ಹೋಗಿದ್ರಿ. ಬಡಿಗ್ಯಾರ ಮನಿಯಾಕಿ ಬಂದು ಕಟ್ಟಿ ಮ್ಯಾಲೆ ಅಳಾಕತ್ತಿದ್ಲು, ನಾ ಹೂಂಗುಟ್ಟಾಕತ್ತಿದ್ದೆ. ನಿಮ್ಮಪ್ಪ ಒಳಗಿಂದ, ಏ, ಒಂದೀಟು ನೀರು ತಗಂಬಾ ಅಂದ. ನಾ ಹ್ಞೂಂ ಅಂದೆ. ಏಳಲಿಲ್ಲ. ಇನ್ನೊಮ್ಮೆ ಕರದ. ಹ್ಞೂಂ ಅಂದೆ. ಇಕೀ ಮಾತು ಮುಗೀಲಿ ಅಂತ. ಆಮ್ಯಾಲೆ ಕರೀಲಿಲ್ಲ."

ನಾನು ಹಿಂತಿರುಗಿ ನೋಡಲಾರದೆ ಹೋದೆ. ಇಷ್ಟು ವರ್ಷ ಊರವರ ಸಾವಿಗೆಲ್ಲ ಹೂಂಗುಟ್ಟಿದವಳು ತನ್ನದನ್ನು ಯಾರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

"ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ಅಂಥಾಕಿ ನಾನು. ಹ್ಞೂಂ ಅಂದ ಮ್ಯಾಲೆ ಏಳಬೇಕು ಲೇ ಗಾದಿ. ಏಳದಿದ್ದಾಕಿ ಹ್ಞೂಂ ಅನಬಾರ್ದು. ನಿನ್ನ ಮಿಶನ್ನಿಗೆ ಕಾಲಿಲ್ಲ. ನನಗ ಇದ್ವು."

ಗಾದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಮೆಣಸಿನಕಾಯಿಯ ಘಾಟಿಗೂ ಇರಬಹುದು, ನಾನು ಕೇಳಲಿಲ್ಲ.

ಸಿರಿಗೇರಿಯ ಬಸ್ ನಿಲ್ದಾಣದಲ್ಲಿ ಕಾರು ನಿಲ್ಲಿಸಿ, ಯಾರನ್ನು ಕೇಳುವುದು ಎಂದು ಗಾದಿ ಇಳಿದ. ಚಹಾದಂಗಡಿಯವನು "ಯಾವ ಊರಮ್ಮ?" ಎಂದು ಚನ್ನಬಸವರಾಜರು ಹೇಳಿದ್ದನ್ನೇ ಹೇಳಿದ. ಅಷ್ಟರಲ್ಲಿ ಅವ್ವ ಇಳಿದು ನಡೆದಿದ್ದಳು. ಆ ಊರಿಗೆ ಅವಳು ಅದಕ್ಕೆ ಮೊದಲು ಒಮ್ಮೆಯೂ ಬಂದವಳಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಹಿಟ್ಟಿನ ಗಿರಣಿ ದಾಟಿದಳು, ಎಡಕ್ಕೆ ಹೊರಳಿದಳು, ಬೋರ್‌ವೆಲ್ ಹತ್ತಿರ ಒಂದು ಗಳಿಗೆ ನಿಂತು ಬೇವಿನ ಮರವಿರುವ ಸಂದಿಗೆ ಹೊಕ್ಕಳು. ಯಾರನ್ನೂ ಕೇಳಲಿಲ್ಲ. ಮೊಣಕಾಲು ನೋವೆಂದು ಮೆಟ್ಟಿಲು ಹತ್ತಲು ಅಳುವವಳು ಅಂದು ನಮಗೆ ಸಿಗದಂತೆ ನಡೆದಳು. 

ಸಂದಿಯ ಕೊನೆಗೆ ತಗಡಿನ ಮನೆ. ಅಂಗಳ ಸಾರಿಸಿತ್ತು. ಆಡಿನ ಗೂಟದಲ್ಲಿ ಆಡಿರಲಿಲ್ಲ. ಬಾಗಿಲ ಮುಂದೆ ಒಂದು ಚಾಪೆ ಹಾಸಿತ್ತು. ಅದರ ತುದಿಗೆ, ತಲೆಗೆ ನೀರು ಹಾಕಿಕೊಂಡು ಮಡಿಕೆ ಮುರಿಯದ ಸೀರೆಯುಟ್ಟ ಹೆಂಗಸೊಬ್ಬಳು ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಆರಿಸಿದ ಫೋನು. ಹೊಸ್ತಿಲ ಒಳಬದಿಗೆ, ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ. ಮುಚ್ಚಳ ಇನ್ನೂ ಬಿಗಿಯಾಗಿತ್ತು. ಗಾದಿ ನನಗಿಂತ ಮೊದಲು ಅದನ್ನು ಕಂಡ. ಸದ್ದಿಲ್ಲದೆ ಹೋಗಿ ಎತ್ತಿಕೊಂಡು ಬೆನ್ನ ಹಿಂದೆ ಹಿಡಿದು ನಿಂತ. 

ಊರಮ್ಮ ನಮ್ಮಿಬ್ಬರನ್ನು ನೋಡಲೇ ಇಲ್ಲ. ಅವ್ವನನ್ನೇ ನೋಡುತ್ತಿದ್ದಳು.

"ಈಗ ಬಂದ್ಯಾ?"

"ತಡ ಆತವ್ವ" ಎಂದಳು ಅವ್ವ. "ಹಾದಿ ಗೊತ್ತಾಗಲಿಲ್ಲ."

"ನಾನ ಹೊಂಟಿದ್ದೆ."

"ಬ್ಯಾಡ. ನಾ ಬಂದೀನಲ್ಲ. ಹೇಳು."

ಅವ್ವ ಚಾಪೆಯ ಮೇಲೆ ಕೂತು ಆ ಹೆಂಗಸಿನ ಮೊಣಕಾಲಿನ ಮೇಲೆ ಕೈಯಿಟ್ಟಳು. ಊರಮ್ಮ ಮಗಳ ಜ್ವರದ ಮೊದಲ ದಿನದಿಂದ ಶುರುಮಾಡಿದಳು: ಭಾಗ್ಯ ತಲೆನೋವು ಅಂದದ್ದು, ತಾನು ಕೂಲಿಗೆ ಹೋಗಿಬಿಟ್ಟದ್ದು. ಅಲ್ಲಿಗೆ ಬಂದು ಮಾತು ನಿಂತಿತು, ಎದುರಿನ ದನಿಗೆ ಕಾಯಿತು. ಅವ್ವನ ಬಾಯಿ ತೆರೆಯಿತು.  ದೇವರೇ, ಈಗಲಾದರೂ ಬರಲಿ ಎಂದುಕೊಂಡೆ. ನಾನು, ದೇವರನ್ನು ಪರೀಕ್ಷೆಯ ಹಿಂದಿನ ದಿನ ಕೂಡ ಕರೆಯದವಳು!

"ಹ್ಞೂಂ" ಎಂದಳು ಅವ್ವ.

ಒರಟಾಗಿತ್ತು, ಒಣಗಿತ್ತು, ರೆಕಾರ್ಡಿಂಗಿನಷ್ಟು ಚೆನ್ನಾಗಿರಲಿಲ್ಲ. ಊರಮ್ಮ ಒಂದು ಸಲ ಫೋನಿನ ಕಡೆ ನೋಡಿದಳು, ಒಂದು ಸಲ ಅವ್ವನ ಬಾಯಿಯ ಕಡೆ ನೋಡಿದಳು. ಆಮೇಲೆ ಅವ್ವನ ಮಡಿಲ ಮೇಲೆ ಬಿದ್ದು, ಓಣಿ ಎದ್ದು ಬರುವ ಹಾಗೆ ಅತ್ತಳು. ಆಡು ಯಾರಿಗೆ ಕೊಟ್ಟಿದ್ದಳೋ ಆ ಪಕ್ಕದ ಮನೆಯವರು ಓಡಿಬಂದರು. ಚನ್ನಬಸವರಾಜರೂ ಪೊಲೀಸರೂ ಬಂದದ್ದು ಅದಾದ ಮೇಲೆ.

ಹೊತ್ತು ಇಳಿಯುವ ತನಕ ಅವಳು ಹೇಳಿದಳು, ಇವಳು ಹೂಂಗುಟ್ಟಿದಳು. ನಡುವೆ ಅವ್ವ ನೀರು ಕೇಳಿದಳು. ಯಾರ ಮನೆಯಲ್ಲೂ ನೀರು ಮುಟ್ಟದವಳು ಊರಮ್ಮನ ಕೊಡದ ನೀರನ್ನು ಚೊಂಬು ಎತ್ತಿ ಪೂರ್ತಿ ಕುಡಿದಳು. ಗಾದಿ ಬೇವಿನ ಬುಡದಲ್ಲಿ ಕೂತವನು ಅಲ್ಲಿಂದ ಏಳಲಿಲ್ಲ. ಎಲ್ಲವನ್ನೂ ಕೇಳಿದ, ಒಂದು ಮಾತನ್ನೂ ಬಿಡದೆ.

ಹೊರಡುವಾಗ ಪಕ್ಕದ ಮನೆಯವರು ರಾತ್ರಿ ತಮ್ಮಲ್ಲೇ ಮಲಗಿಸಿಕೊಳ್ಳುತ್ತೇವೆ ಎಂದರು. ಊರಮ್ಮ ಅವ್ವನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

"ನಾಳಿ ಬರ್ತೀ?"

ಅವ್ವ ಮೊದಲು ಗಾದಿಯ ಕಡೆ ತಿರುಗಿದಳು.

"ಲೇ, ನಾಳಿ ಗಾಡಿ ಐತೇನು?"

"ಐತವ್ವ."

"ನೀನೂ ನನ್ ಜೋಡಿ ಇರ್ತಿಯೇನು?"

ಎಲ್ಲದರ ಬಗ್ಗೆಯೂ ಅಭಿಪ್ರಾಯವಿರುವ ನನ್ನ ತಮ್ಮ ತಲೆ ತಗ್ಗಿಸಿಕೊಂಡು, "ಇರ್ತೀನಿ. ದಿನಾ ಇರ್ತೀನಿ" ಎಂದ.

ಅವ್ವ ಆಗ ಊರಮ್ಮನ ಕಡೆ ತಿರುಗಿ, "ಹ್ಞೂಂ" ಎಂದಳು.